ಕಂಬಳಿ ಹಂಚುವುದಾ, ಮನೆಮನೆ ತಿರುಗುವವರಿಗೆ ಸಂಬಳ ಕೊಡುವುದಾ?

ಪ್ರಶ್ನೆ: ನಾನು ಬ್ಯಾಂಕಿನಿಂದ ನಿವೃತ್ತನಾಗಿ ಮೈಸೂರಿನಲ್ಲಿದ್ದೇನೆ. ನಮ್ಮ ಬಡಾವಣೆಯ ಹಿಂದೆಯೇ ಒಂದು ಹಳೇ ಕೊಳಗೇರಿ ಇದೆ, ಸುಮಾರು 250 ಮನೆ. ನಮ್ಮ ನಿವಾಸಿಗಳ ಸಂಘದಿಂದ ಪ್ರತಿ ವರ್ಷ ಅಲ್ಲಿಗೆ ಕಂಬಳಿ, ನೋಟ್‌ಬುಕ್, ಸ್ಕೂಲ್ ಬ್ಯಾಗ್ ಹಂಚುತ್ತೇವೆ. ವರ್ಷಕ್ಕೆ 2 ಲಕ್ಷ ರೂಪಾಯಿಯಷ್ಟು ಖರ್ಚು. ಸಮಾಜಕಾರ್ಯ ಓದುತ್ತಿರುವ ನನ್ನ ಮಗಳು, ಈ ದುಡ್ಡಲ್ಲಿ ಅಲ್ಲೇ ಓಡಾಡಿಕೊಂಡಿರುವ ಒಬ್ಬ ಕಾರ್ಯಕರ್ತೆಯನ್ನು ಇಟ್ಟುಕೊಳ್ಳಿ ಅನ್ನುತ್ತಾಳೆ. ಸಂಘದವರು ಕೇಳುವುದು ಇಷ್ಟು: ಒಬ್ಬರು ಸುಮ್ನೆ ಮನೆಮನೆ ತಿರುಗಿ ಮಾತಾಡಿಕೊಂಡು ಬಂದರೆ ಏನು ಬಂತು? ಸರ್ಕಾರದ ಯೋಜನೆಗಳು ಇವೆಯಲ್ಲ? ವಾರ್ಷಿಕ ಸಭೆಯಲ್ಲಿ ಲೆಕ್ಕ ಏನು ತೋರಿಸುವುದು?

ಉತ್ತರ: ಮಗಳ ಮಾತು ಕೇಳಿ ಸರ್. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಈ ‘ಸುಮ್ನೆ ತಿರುಗಿದರೆ ಏನು ಬಂತು’ ಅನ್ನುವ ಮಾತನ್ನು ನಾನು ಇಪ್ಪತ್ತೈದು ವರ್ಷದಿಂದ ಕೇಳಿಸಿಕೊಳ್ಳುತ್ತಿದ್ದೇನೆ, ನಮ್ಮ ಮನೆಯಲ್ಲೂ ಕೇಳಿದ್ದೇನೆ. ನಮ್ಮಮ್ಮ ಕೊನೆಯವರೆಗೂ ಪಕ್ಕದ ಮನೆಯವರಿಗೆ ‘ಇವಳು ಏನೋ ಸರ್ವೆ ಮಾಡ್ತಾಳೆ’ ಅಂತಲೇ ಹೇಳುತ್ತಿದ್ದರು. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಮೊದಲು ನೀರಿನ ಕಥೆ. ಆಗ ನಾನು ಕೆಲಸಕ್ಕೆ ಹೊಸಬಳು. ಬೆಂಗಳೂರಿನ ಪಶ್ಚಿಮ ಭಾಗದ ಒಂದು ಕೊಳಗೇರಿಯಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದೆವು. ಪಕ್ಕದ ಸರ್ಕಾರಿ ಶಾಲೆಯ ಮೇಷ್ಟ್ರು ಒಂದು ದಿನ ಹಾಜರಿ ಪುಸ್ತಕ ತೆಗೆದು ತೋರಿಸಿದರು. ಏಳನೇ ಕ್ಲಾಸಿನ ಆರು ಹುಡುಗಿಯರು ವಾರಕ್ಕೆ ಮೂರು ದಿನ ನಾಪತ್ತೆ. ‘ಅಪ್ಪ ಅಮ್ಮಂದಿರಿಗೆ ಓದಿನ ಬೆಲೆ ಗೊತ್ತಿಲ್ಲ ಮೇಡಂ, ನೀವು ಸ್ವಲ್ಪ ತಿಳಿಸಿ ಹೇಳಿ’ ಅಂದರು. ನಾನು ತಿಳಿಸಿ ಹೇಳುವುದಕ್ಕೆ ಹೊರಟೇಬಿಟ್ಟಿದ್ದೆ, ಮನಸ್ಸಿನಲ್ಲೇ ಭಾಷಣವನ್ನೂ ಸಿದ್ಧ ಮಾಡಿಕೊಂಡಿದ್ದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಅಕ್ಕ ಅದೇ ಬೀದಿಯವರು, ಎಸ್ಸೆಸ್ಸೆಲ್ಸಿ ಫೇಲು. ಅವರು ಹಾಜರಿ ಪುಸ್ತಕದ ಮೇಲೆ ಬೆರಳಿಟ್ಟು ನಕ್ಕುಬಿಟ್ಟರು. ‘ಸೋಮವಾರ, ಬುಧವಾರ, ಶುಕ್ರವಾರ. ನೀರು ಬರೋ ದಿನ ಅಲ್ವಾ ಮೇಡಂ ಇದು?’

ಆ ಬೀದಿಗೆ ನೀರು ಬರುತ್ತಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ. ಅಮ್ಮಂದಿರು ಏಳಕ್ಕೇ ಮನೆಕೆಲಸಕ್ಕೆ ಹೋಗಿರುತ್ತಾರೆ. ಇರುವುದು ಒಂದೇ ಬೀದಿ ನಲ್ಲಿ, ಮನೆಗೆ ಹತ್ತು ಹನ್ನೆರಡು ಕೊಡ ಹಿಡಿಯಬೇಕು, ಸಾಲು ಮುಗಿಯುವಷ್ಟರಲ್ಲಿ ಹನ್ನೊಂದು. ಅಷ್ಟೊತ್ತಿಗೆ ಶಾಲೆಗೆ ಹೋದರೆ ಬೈಗುಳ, ಹೋಗದಿದ್ದರೆ ಏನೂ ಇಲ್ಲ. ನೀವಾದರೂ ಏನು ಮಾಡುತ್ತಿದ್ದಿರಿ?

ಹಳ್ಳಿಯಲ್ಲಿ ನೀರುಗಂಟಿ ಅನ್ನುತ್ತೇವಲ್ಲ, ನಗರದಲ್ಲಿ ಅವರೇ ವಾಲ್ವ್‌ಮನ್. ಅವರನ್ನು ಹುಡುಕಿಕೊಂಡು ಹೋದೆವು. ಅವರು ಬೆಳಿಗ್ಗೆ ಐದೂವರೆಗೆ ಪಕ್ಕದ ಬಡಾವಣೆಗೆ ನೀರು ಬಿಟ್ಟು, ಆಮೇಲೆ ಈ ಬೀದಿಯ ವಾಲ್ವ್ ತಿರುಗಿಸುತ್ತಿದ್ದರು. ಯಾಕೆ ಹೀಗೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ, ಮೊದಲಿದ್ದವರು ಹಾಗೇ ಮಾಡುತ್ತಿದ್ದರಂತೆ. ಬಡಾವಣೆಯ ಮನೆಗಳಿಗೆಲ್ಲ ಸಂಪು ಇದೆ. ಸಂಪು ಇರುವ ಮನೆಗೆ ನೀರು ಐದಕ್ಕೆ ಬಂದರೂ ಒಂದೇ, ಒಂಬತ್ತಕ್ಕೆ ಬಂದರೂ ಒಂದೇ. ಅವರು ಎರಡು ಕಡೆಯ ಸರದಿಯನ್ನು ಅದಲು ಬದಲು ಮಾಡಿದರು. ಆರರಲ್ಲಿ ನಾಲ್ಕು ಹುಡುಗಿಯರು ಆ ತಿಂಗಳಿಂದ ಸರಿಯಾಗಿ ಶಾಲೆಗೆ ಬಂದರು. ಒಬ್ಬಳು ತಮ್ಮನನ್ನು ನೋಡಿಕೊಳ್ಳಬೇಕಿತ್ತು, ಅದಕ್ಕೆ ಬೇರೆಯದೇ ಓಡಾಟ ಬೇಕಾಯಿತು. ಇನ್ನೊಬ್ಬಳ ಮನೆಯವರು ಬಾಡಿಗೆ ಕಟ್ಟಲಾಗದೆ ಖಾಲಿ ಮಾಡಿಕೊಂಡು ಹೋದರು, ಎಲ್ಲಿಗೆ ಅಂತ ಇವತ್ತಿಗೂ ತಿಳಿಯಲಿಲ್ಲ.

ಖರ್ಚು ಎಷ್ಟಾಯಿತು? ವಾಲ್ವ್‌ಮನ್ ಜೊತೆ ಕುಡಿದ ಮೂರು ಕಾಫಿ. ನಾವು ಆ ಹುಡುಗಿಯರಿಗೆ ಸ್ಕೂಲ್ ಬ್ಯಾಗ್ ಕೊಟ್ಟಿದ್ದರೆ, ನೀರಿನ ದಿನ ಆ ಬ್ಯಾಗನ್ನು ಗೋಡೆ ಮೊಳೆಗೆ ನೇತು ಹಾಕಿ ಕೊಡ ಹಿಡಿದುಕೊಂಡು ಹೋಗುತ್ತಿದ್ದರು, ಅಷ್ಟೇ. ಫೋಟೋ ಮಾತ್ರ ಚೆನ್ನಾಗಿ ಬರುತ್ತಿತ್ತು.

ಇದೇನು ನಾವು ಕಂಡುಹಿಡಿದ ಹೊಸ ವಿದ್ಯೆಯಲ್ಲ. ನಿಮ್ಮ ಮಗಳ ಸಿಲಬಸ್ಸಿನಲ್ಲಿ ಇದ್ದೇ ಇರುತ್ತದೆ, ಕೇಳಿ ನೋಡಿ. 1884ರಲ್ಲಿ ಲಂಡನ್ನಿನ ಬಡವರ ಕೇರಿಯಲ್ಲಿ ಟಾಯ್ನ್‌ಬೀ ಹಾಲ್ ಶುರುವಾಯಿತು. ಓದಿದವರು ಬಡವರ ನಡುವೆಯೇ ವಾಸ ಮಾಡಬೇಕು ಅನ್ನುವುದು ಅದರ ಲೆಕ್ಕಾಚಾರ. ಅದನ್ನು ನೋಡಿಕೊಂಡು ಬಂದ ಜೇನ್ ಆಡಮ್ಸ್, ಗೆಳತಿ ಎಲೆನ್ ಗೇಟ್ಸ್ ಸ್ಟಾರ್ ಜೊತೆ ಸೇರಿ 1889ರಲ್ಲಿ ಶಿಕಾಗೋದಲ್ಲಿ ಹಲ್ ಹೌಸ್ ತೆರೆದರು. ಆಡಮ್ಸ್‌ಗೆ ಆಮೇಲೆ ನೊಬೆಲ್ ಶಾಂತಿ ಪ್ರಶಸ್ತಿಯೂ ಬಂತು, ಅದು ಬೇರೆ ವಿಷಯ. ನನಗೆ ಇಷ್ಟವಾಗುವುದು ಕಸದ ಕಥೆ. ಆ ವಾರ್ಡಿನಲ್ಲಿ ಕಸ ಎತ್ತುತ್ತಿರಲಿಲ್ಲ, ಮಕ್ಕಳು ಕಾಯಿಲೆ ಬೀಳುತ್ತಿದ್ದರು. ಕಸದ ಗುತ್ತಿಗೆ ನಮಗೇ ಕೊಡಿ ಅಂತ ಆಡಮ್ಸ್ ಅರ್ಜಿ ಹಾಕಿದರು. ಗುತ್ತಿಗೆ ಸಿಗಲಿಲ್ಲ, ಆದರೆ 1895ರಲ್ಲಿ ಮೇಯರ್ ಅವರನ್ನೇ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಮಾಡಿದರು. ಬೆಳಿಗ್ಗೆ ಆರಕ್ಕೆದ್ದು ಕಸದ ಗಾಡಿಗಳ ಹಿಂದೆ ಹೋಗುವುದು ಕೆಲಸ. ಗಾಡಿ ಎಲ್ಲಿ ನಿಲ್ಲುತ್ತದೆ, ಯಾವ ಬೀದಿ ಬಿಟ್ಟು ಹೋಗುತ್ತದೆ ಅಂತ ಕಚೇರಿಯಲ್ಲಿ ಕೂತವರಿಗೆ ಕಾಣುವುದಿಲ್ಲ.

ನಮ್ಮ ದೇಶದಲ್ಲೂ ಸಮಾಜಕಾರ್ಯದ ಓದು ಹುಟ್ಟಿದ್ದು ಕೇರಿಯಿಂದಲೇ. 1920ರ ದಶಕದಲ್ಲಿ ಮುಂಬೈಯ ನಾಗಪಾಡಾದಲ್ಲಿ ಕ್ಲಿಫರ್ಡ್ ಮ್ಯಾನ್‌ಶಾರ್ಟ್ ಅನ್ನುವವರು ‘ನೇಬರ್‌ಹುಡ್ ಹೌಸ್’ ನಡೆಸುತ್ತಿದ್ದರು, ನೆರೆಹೊರೆಯ ಮನೆ ಅಂತಿಟ್ಟುಕೊಳ್ಳಿ. ಈ ಕೆಲಸಕ್ಕೆ ತರಬೇತಾದ ಜನ ಬೇಕು ಅಂತ ಅನ್ನಿಸಿದ್ದು ಅಲ್ಲಿ. 1936ರಲ್ಲಿ ದೇಶದ ಮೊದಲ ಸಮಾಜಕಾರ್ಯ ಶಾಲೆ ಮುಂಬೈಯಲ್ಲಿ ಶುರುವಾದಾಗ ಅವರೇ ಅದರ ಮೊದಲ ನಿರ್ದೇಶಕರು. ಇವತ್ತಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ.

ಈಗ ಎರಡನೇ ಪ್ರಶ್ನೆ, ಸರ್ಕಾರದ ಯೋಜನೆಗಳು ಇವೆಯಲ್ಲ ಅನ್ನುವುದು. ಇವೆ, ಜಾಸ್ತಿಯೇ ಇವೆ. ಬೀದಿ ಮಟ್ಟದಲ್ಲಿ ಒಬ್ಬರು ಇಲ್ಲದೆ ಏನೂ ನಡೆಯುವುದಿಲ್ಲ ಅಂತ ಸರ್ಕಾರಕ್ಕೂ ಗೊತ್ತು. ಅಂಗನವಾಡಿ ಯೋಜನೆ 1975ರಲ್ಲಿ ಶುರುವಾದಾಗ ಕರ್ನಾಟಕದಲ್ಲಿ ಮೊದಲು ಬಂದದ್ದು ನಿಮ್ಮ ಜಿಲ್ಲೆಯ ಟಿ. ನರಸೀಪುರಕ್ಕೆ. ಆಶಾ ಕಾರ್ಯಕರ್ತೆಯರು ಬಂದರು. ನಗರದ ಬಡ ಬೀದಿಗಳಲ್ಲಿ 50ರಿಂದ 100 ಮನೆಗೊಂದು ಮಹಿಳಾ ಆರೋಗ್ಯ ಸಮಿತಿ ಇರಬೇಕು, ವರ್ಷಕ್ಕೆ 5,000 ರೂಪಾಯಿ ಅವರ ಕೈಗೇ ಕೊಡಬೇಕು ಅಂತ ನಗರ ಆರೋಗ್ಯ ಮಿಷನ್ನಿನಲ್ಲೇ ಇದೆ. ಆ ಕೊಳಗೇರಿಯಲ್ಲಿ ಸಮಿತಿ ಇದೆಯಾ, ಕೊನೆಯ ಸಲ ಯಾವಾಗ ಕೂತಿದ್ದರು ಅಂತ ಮೊದಲು ವಿಚಾರಿಸಿ. ಎಷ್ಟೋ ಕಡೆ ರಿಜಿಸ್ಟರಿನಲ್ಲಿ ಮಾತ್ರ ಇರುತ್ತದೆ.

ಆದರೆ ನೋಡಿ, ಅಂಗನವಾಡಿ ಟೀಚರ್‌ಗೆ ಕಾಣುವುದು ಆರು ವರ್ಷದ ಒಳಗಿನ ಮಗು. ಆಶಾಗೆ ಕಾಣುವುದು ಬಸುರಿ, ಬಾಣಂತಿ, ಲಸಿಕೆ, ಟಿಬಿ ಮಾತ್ರೆ. ನ್ಯಾಯಬೆಲೆ ಅಂಗಡಿಯವರಿಗೆ ಕಾಣುವುದು ಬೆರಳಚ್ಚು. ಮನೆಯಲ್ಲಿ ಕುಡಿಯುವ ಗಂಡ, ಹನ್ನೊಂದು ವರ್ಷದ ಮಗಳು, ಮೂಲೆಯಲ್ಲಿ ಮಲಗಿರುವ ಅತ್ತೆ ಮೂವರೂ ಇದ್ದರೆ ಅವರು ಮೂವರೂ ಯಾರ ರಿಜಿಸ್ಟರಿಗೂ ಬರುವುದಿಲ್ಲ. ಇದು ಅಂಗನವಾಡಿ, ಆಶಾ ಹೆಣ್ಣುಮಕ್ಕಳ ತಪ್ಪಲ್ಲ. ಅವರಿಗೆ ಕೊಟ್ಟಿರುವ ಕೆಲಸವೇ ಮೂರಾಳಿನಷ್ಟಿದೆ, ಜೊತೆಗೆ ಸರ್ವೆ, ಚುನಾವಣೆ, ಮೊಬೈಲಿನಲ್ಲಿ ಎಂಟ್ರಿ. ಮನೆಯನ್ನು ಇಡಿಯಾಗಿ ನೋಡುವವರು ಯಾರೂ ಇಲ್ಲ, ಅದೇ ತೊಂದರೆ. ನಿಮ್ಮ ಮಗಳು ಹೇಳುತ್ತಿರುವ ಕಾರ್ಯಕರ್ತೆಯ ಕೆಲಸ ಇರುವುದು ಅಲ್ಲಿ.

ಇಡಿಯಾಗಿ ನೋಡುವುದು ಅಂದರೆ ಏನು ಅಂತ ಇನ್ನೊಂದು ಕಥೆಯಲ್ಲೇ ಹೇಳುತ್ತೇನೆ, ಇದು ಬ್ಯಾಂಕಿನ ಕಥೆ, ನಿಮಗೆ ಬೇಗ ಅರ್ಥವಾಗುತ್ತದೆ. ಒಬ್ಬ ಅಜ್ಜಿ, ಎಪ್ಪತ್ತು ದಾಟಿದೆ, ಹೂ ಕಟ್ಟುತ್ತಾರೆ. ಸಂಧ್ಯಾ ಸುರಕ್ಷಾ ಪಿಂಚಣಿ, ತಿಂಗಳಿಗೆ 1,200 ರೂಪಾಯಿ, ಏಳು ತಿಂಗಳಿಂದ ಬಂದಿಲ್ಲ. ನಾಡಕಚೇರಿಗೆ ಹೋದರೆ ‘ಇಲ್ಲಿಂದ ಹೋಗಿದೆ, ಬ್ಯಾಂಕಲ್ಲಿ ಕೇಳಿ’. ಬ್ಯಾಂಕಿಗೆ ಹೋದರೆ ‘ನಮಗೆ ಬಂದಿಲ್ಲ, ಅಲ್ಲೇ ಕೇಳಿ’. ಒಬ್ಬ ಏಜೆಂಟ್ 500 ರೂಪಾಯಿ ತೆಗೆದುಕೊಂಡು ಹೊಸ ಅರ್ಜಿ ಹಾಕಿಸಿದ್ದ. ಹಳೆಯದೇ ನಡೆಯುತ್ತಿರುವಾಗ ಹೊಸದು ಎಲ್ಲಿ ಮಂಜೂರಾಗುತ್ತದೆ? ಅದೂ ವಾಪಸ್.

ನಮ್ಮ ಕಾರ್ಯಕರ್ತೆ ಹೋಗಿ ಅಜ್ಜಿ ಪಕ್ಕ ಕೂತು ಎರಡು ಮೊಳ ಹೂ ಕಟ್ಟಿದರು. ಪಿಂಚಣಿ ಸುದ್ದಿಯನ್ನೇ ಎತ್ತಲಿಲ್ಲ. ಮಾತಿನ ಮಧ್ಯೆ ಅಜ್ಜಿ ಗ್ಯಾಸ್ ಒಲೆ ತೋರಿಸಿ, ‘ಇದು ಕೊಡೋವಾಗ ಮೊಮ್ಮಗ ಎಲ್ಲೋ ಕರಕೊಂಡು ಹೋಗಿ ಹೆಬ್ಬೆಟ್ಟು ಒತ್ತಿಸಿದ’ ಅಂದರು. ಕಾರ್ಯಕರ್ತೆ ತಕ್ಷಣ ಕೇಳಿದ್ದು, ‘ಅಜ್ಜಿ, ಆವಾಗ ಪಾಸ್‌ಬುಕ್ ಏನಾದ್ರೂ ಕೊಟ್ರಾ?’ ಕಬ್ಬಿಣದ ಟ್ರಂಕಿನ ತಳದಲ್ಲಿ, ಸೀರೆಗಳ ಕೆಳಗೆ, ಪ್ಲಾಸ್ಟಿಕ್ ಕವರ್ ಸಮೇತ ಇನ್ನೊಂದು ಬ್ಯಾಂಕಿನ ಪಾಸ್‌ಬುಕ್ ಸಿಕ್ಕಿತು. ಆಧಾರ್ ಯಾವ ಖಾತೆಗೆ ಕೊನೆಗೆ ಜೋಡಣೆಯಾಗಿದೆಯೋ ಸರ್ಕಾರದ ದುಡ್ಡು ಆ ಖಾತೆಗೆ ಹೋಗುತ್ತದೆ, ಇದು ನಿಮಗೆ ಗೊತ್ತೇ ಇದೆ. ಎಂಟ್ರಿ ಹಾಕಿಸಿದರೆ ಏಳು ತಿಂಗಳ 8,400 ರೂಪಾಯಿ ಅಲ್ಲೇ ಕೂತಿತ್ತು. ಅಜ್ಜಿ ಮಾತ್ರ ಆ ಏಳು ತಿಂಗಳು ಬಿಪಿ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು.

ಇಲ್ಲಿ ಯಾವ ಕಚೇರಿಯೂ ಸುಳ್ಳು ಹೇಳಲಿಲ್ಲ. ಎಲ್ಲರಿಗೂ ಅವರವರ ಕಂಪ್ಯೂಟರಿನಲ್ಲಿ ಇದ್ದಷ್ಟು ಗೊತ್ತಿತ್ತು. ಗ್ಯಾಸ್ ಒಲೆಗೂ ಪಿಂಚಣಿಗೂ ನಂಟು ಹಾಕಲು ಆ ಮನೆಯಲ್ಲಿ ಕೂತು ಹೂ ಕಟ್ಟಿದವರೇ ಬೇಕಾಯಿತು.

ಇನ್ನು ನಿಮ್ಮ ಪತ್ರದಲ್ಲಿ ನನಗೆ ಸ್ವಲ್ಪ ಚುಚ್ಚಿದ ವಿಷಯ. ನೆರೆಹೊರೆ ಅಂದಾಗ ನೀವು ಹಿಂದಿನ 250 ಮನೆಯನ್ನು ಮಾತ್ರ ಎಣಿಸಿದ್ದೀರಿ. ನಿಮ್ಮ ಬಡಾವಣೆ? ಮಕ್ಕಳು ಅಮೆರಿಕದಲ್ಲೋ ಹೈದರಾಬಾದಿನಲ್ಲೋ ಇದ್ದು, ಗೇಟಿಗೆ ಒಳಗಿಂದ ಬೀಗ ಹಾಕಿಕೊಂಡು ಟಿವಿ ಜೊತೆ ದಿನ ಕಳೆಯುವ ಗಂಡ ಹೆಂಡತಿ ನಿಮ್ಮ ಬೀದಿಯಲ್ಲೇ ಎಷ್ಟು ಜೋಡಿ ಇದ್ದಾರೆ ಅಂತ ಎಣಿಸಿ ನೋಡಿ. ಅವರಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಇನ್ನೊಬ್ಬರ ಗತಿ ಏನು? ಹಿರಿಯ ನಾಗರಿಕರ ಸಹಾಯವಾಣಿ 14567 ಇದೆ, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416 ಇದೆ, ಎರಡೂ ಉಪಯೋಗಕ್ಕೆ ಬರುವಂಥವೇ. ಆದರೆ ಫೋನ್ ಮಾಡಬೇಕು ಅಂತ ಅವರಿಗೆ ಅನ್ನಿಸಬೇಕಲ್ಲ.

ಇದನ್ನು ಚೆನ್ನಾಗಿ ಮಾಡಿದವರು ಕೇರಳದವರು. ಕಲ್ಲಿಕೋಟೆಯಲ್ಲಿ 1993ರಲ್ಲಿ ಕೆಲವು ವೈದ್ಯರು ಮತ್ತು ಗೆಳೆಯರು ಸೇರಿ, ವಾಸಿಯಾಗದ ಕಾಯಿಲೆಯವರ ನೋವು ಕಡಿಮೆ ಮಾಡುವ ಕೆಲಸ ಶುರು ಮಾಡಿದರು. ಕೆಲವೇ ವರ್ಷದಲ್ಲಿ ಅವರಿಗೆ ಅರ್ಥವಾಯಿತು, ಕ್ಲಿನಿಕ್‌ಗೆ ಬರಲಾಗದವರೇ ಜಾಸ್ತಿ, ಮತ್ತೆ ಅವರಿಗೆ ಔಷಧಿಯಷ್ಟೇ ಬೇಕಾದದ್ದು ಮಗ್ಗುಲು ಬದಲಿಸಿ ಮಲಗಿಸುವವರು, ಗಾಯ ತೊಳೆಯುವವರು, ಅಕ್ಕಿ ತಂದಿಡುವವರು, ಮಗುವಿನ ಸ್ಕೂಲ್ ಫೀಸಿಗೆ ಯಾರನ್ನೋ ಕೇಳಿಕೊಡುವವರು. ಮಲಪ್ಪುರಂ ಸುತ್ತಮುತ್ತ ಆಯಾ ಬೀದಿಯ ಜನರಿಗೇ ತರಬೇತಿ ಕೊಟ್ಟರು. ವಾರಕ್ಕೆ ಎರಡು ಗಂಟೆ ಕೊಡಬಲ್ಲವರು ಯಾರಾದರೂ ಸೇರಬಹುದಿತ್ತು. ಮೇಷ್ಟ್ರು, ಅಂಗಡಿಯವರು, ಗೃಹಿಣಿಯರು, ಕಾಲೇಜು ಹುಡುಗರು ಸೇರಿದರು. ಖರ್ಚು ನಡೆದದ್ದು ಊರಿನ ಸಣ್ಣ ಸಣ್ಣ ದೇಣಿಗೆಯಲ್ಲಿ. ಇದು ಎಷ್ಟು ಹಬ್ಬಿತು ಅಂದರೆ 2008ರಲ್ಲಿ ಕೇರಳ ಸರ್ಕಾರವೇ ನೋವು ಶಮನಕ್ಕೊಂದು ನೀತಿ ಮಾಡಿ, ಪಂಚಾಯತಿಗಳಿಗೆ ಜವಾಬ್ದಾರಿ ಕೊಟ್ಟಿತು. ದೊಡ್ಡ ಮನೆ, ಸಣ್ಣ ಮನೆ ಅಂತ ಅಲ್ಲಿ ಭೇದ ಇಲ್ಲ, ಕ್ಯಾನ್ಸರಿಗೂ ಇಲ್ಲವಲ್ಲ. ನಿಮ್ಮ ಬೀದಿಯ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳಲು ಹಿಂದಿನ ಬೀದಿಯ ಹೆಣ್ಣುಮಕ್ಕಳು ತಾನೇ ಬರುವುದು? ಹಾಗಾದರೆ ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು?

ಸರಿ, ಯಾರನ್ನು ನೇಮಿಸುವುದು. ಡಿಗ್ರಿ ಇರುವವರನ್ನೇ ಹುಡುಕಬೇಡಿ, ನಿಮ್ಮ ಮಗಳು ಬೇಜಾರು ಮಾಡಿಕೊಳ್ಳಬಾರದು. ಡಿಗ್ರಿಯವರು ತಿಂಗಳಿಗೆರಡು ಸಲ ಬಂದು ಜೊತೆಗೆ ಕೂತು ದಾರಿ ತೋರಿಸಿದರೆ ಸಾಕು. ದಿನಾ ಓಡಾಡುವವರು ಅಲ್ಲಿಯವರೇ ಆಗಲಿ, ಆದರೆ ಅದೇ ಓಣಿಯವರು ಬೇಡ, ಪಕ್ಕದ ಓಣಿಯವರು ಆಗಲಿ. ಒಂದೇ ಓಣಿಯವರಾದರೆ ನೆಂಟಸ್ತಿಕೆ, ಚೀಟಿ ವ್ಯವಹಾರ, ಹಳೇ ಜಗಳ ಎಲ್ಲ ಅಡ್ಡ ಬರುತ್ತದೆ. ಮತ್ತೊಂದು ಮಾತು ಯಾವ ಪಠ್ಯದಲ್ಲೂ ಇಲ್ಲ. ಮೊದಲ ವಾರ ಕಾರ್ಯಕರ್ತೆ ಯಾರ ಮನೆಯಲ್ಲಿ ಕೂತು ಟೀ ಕುಡಿದರು, ಯಾರ ಮನೆಯಲ್ಲಿ ಬೇಡ ಅಂದರು ಅನ್ನುವುದನ್ನು ಇಡೀ ಬೀದಿ ನೋಡುತ್ತಿರುತ್ತದೆ. ಜಾತಿ ನೋಡಿ ನೀರು ಕುಡಿಯುವವರು ಈ ಕೆಲಸಕ್ಕೆ ಎಷ್ಟೇ ಚುರುಕಾಗಿದ್ದರೂ ಬೇಡ.

ದುಡ್ಡಿನ ಲೆಕ್ಕ ಸುಲಭ. ಅರ್ಧ ದಿನದ ಕೆಲಸಕ್ಕೆ ತಿಂಗಳಿಗೆ 12,000 ಕೊಟ್ಟರೆ ವರ್ಷಕ್ಕೆ 1,44,000. ಉಳಿದ 56,000 ಬಸ್ಸು, ಆಟೋ, ಝೆರಾಕ್ಸ್, ಫೋಟೋ, ಅಫಿಡವಿಟ್ಟಿಗೆ. ಝೆರಾಕ್ಸ್ ಅಂತ ನಗಬೇಡಿ. ಕೂಲಿ ಬಿಟ್ಟು ಕಚೇರಿಗೆ ಹೋದವರು ಒಂದು ಝೆರಾಕ್ಸ್ ಇಲ್ಲದೆ ವಾಪಸ್ ಬಂದರೆ, ಇನ್ನೊಂದು ಸಲ ಹೋಗುವುದೇ ಇಲ್ಲ. ಕಂಬಳಿ ನಿಲ್ಲಿಸಿದರೆ ಜನ ಬೈಯುತ್ತಾರೆ ಅಂತ ಹೆದರಿಕೆಯಿದ್ದರೆ, ನಿಜವಾಗಿಯೂ ಬೈಯುತ್ತಾರೆ, ಮೊದಲ ವರ್ಷ. ಅದಕ್ಕೆ ತಯಾರಿರಿ.

ಒಂದು ವರ್ಷಕ್ಕೆ ಅಂತ ಮಾತ್ರ ಶುರು ಮಾಡಬೇಡಿ. ಮೂರು ವರ್ಷದ ದುಡ್ಡು ಕಣ್ಣಿಗೆ ಕಾಣದಿದ್ದರೆ ಕಂಬಳಿಯೇ ವಾಸಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಒಂದು ಬೀದಿಯಲ್ಲಿ ನಮಗೆ ದುಡ್ಡು ಕೊಡುತ್ತಿದ್ದ ಸಂಸ್ಥೆ ಮಾರ್ಚ್ ಕೊನೆಗೆ ಅಂತ ಹೇಳಿ ನಿಲ್ಲಿಸಿಬಿಟ್ಟಿತು. ಅವರ ಆದ್ಯತೆ ಬದಲಾಗಿತ್ತಂತೆ. ಇಪ್ಪತ್ತೆರಡು ಮಕ್ಕಳ ಸಂಜೆ ಪಾಠ ನಿಂತಿತು. ಒಬ್ಬ ಹೆಂಗಸು ಗಂಡನ ಮೇಲೆ ದೂರು ಕೊಡುವುದಾ ಬೇಡವಾ ಅಂತ ನಮ್ಮ ಜೊತೆ ಮಾತಾಡುತ್ತಿದ್ದವಳು ನಡುನೀರಿನಲ್ಲಿ ಉಳಿದಳು. ಎರಡು ವರ್ಷ ಬಿಟ್ಟು ಬೇರೆ ಕೆಲಸಕ್ಕೆ ಅದೇ ಬೀದಿಗೆ ಹೋದಾಗ ಅವಳು ಬಾಗಿಲಲ್ಲೇ ನಿಂತು ಕೇಳಿದಳು, ‘ನೀವೂ ಮಾರ್ಚ್‌ವರೆಗಾ ಮೇಡಂ?’ ನಾನು ಏನು ಉತ್ತರ ಕೊಟ್ಟೆ ಅಂತ ನೆನಪಿಲ್ಲ, ಕೊಟ್ಟಿರಲಿಕ್ಕಿಲ್ಲ.

ಇನ್ನೊಂದು ಅಪಾಯವೂ ಇದೆ. ಕಾರ್ಯಕರ್ತೆ ಚುರುಕಾಗಿದ್ದರೆ ಎಲ್ಲರೂ ಎಲ್ಲ ಕಾಗದವನ್ನೂ ಅವರ ಕೈಗೇ ಕೊಟ್ಟು ಸುಮ್ಮನಾಗುತ್ತಾರೆ, ವರ್ಷದಲ್ಲಿ ಅವರು ಪುಕ್ಕಟೆ ಏಜೆಂಟ್ ಆಗಿಬಿಡುತ್ತಾರೆ. ಹಾಗಾಗಿ ಮೊದಲೇ ಒಂದು ಕಟ್ಟು ಮಾಡಿಕೊಳ್ಳಿ. ಕಚೇರಿಗೆ ಒಬ್ಬರನ್ನೇ ಕರೆದುಕೊಂಡು ಹೋಗುವಂತಿಲ್ಲ, ಜೊತೆಗೆ ಅದೇ ಬೀದಿಯ ಇನ್ನೊಬ್ಬರು ಬರಬೇಕು. ಮುಂದಿನ ಸಲ ಆ ಇನ್ನೊಬ್ಬರು ಬೇರೆಯವರನ್ನು ಕರೆದುಕೊಂಡು ಹೋಗುತ್ತಾರೆ. ನಿಧಾನ ಆಗುತ್ತದೆ, ಆಗಲಿ. ಕುಡಿತ, ಸಾಲ, ಹಕ್ಕುಪತ್ರದಂಥ ವಿಷಯಕ್ಕೆ ಒಬ್ಬ ಕಾರ್ಯಕರ್ತೆಯಿಂದ ಪರಿಹಾರ ಸಿಗುವುದಿಲ್ಲ, ಅದನ್ನು ಸಂಘದವರಿಗೆ ಈಗಲೇ ಹೇಳಿಬಿಡಿ.

ವಾರ್ಷಿಕ ಸಭೆಯ ಲೆಕ್ಕ ಉಳಿಯಿತು. ಒಂದು ದಪ್ಪ ನೋಟ್‌ಬುಕ್ ಸಾಕು. ತಾರೀಖು, ಯಾವ ಮನೆ, ಏನು ಹೇಳಿದರು, ನಾವು ಏನು ಮಾಡುತ್ತೇವೆ ಅಂದೆವು, ಆಯಿತಾ, ಬಾಕಿಯಾ. ಸಭೆಯಲ್ಲಿ ಓದುವಾಗ ಮನೆ ಗುರುತು, ಹೆಸರು ಓದಬಾರದು, ಆ ಪುಸ್ತಕ ಕಾರ್ಯಕರ್ತೆಯ ಬೀರುವಿನಲ್ಲೇ ಇರಬೇಕು. ‘ಎಷ್ಟು ಮನೆ ಭೇಟಿ’ ಅನ್ನುವ ಅಂಕಿ ಕೇಳಬೇಡಿ, ಕೇಳಿದರೆ ಅಂಕಿ ಜಾಸ್ತಿಯಾಗುತ್ತದೆ, ಕೂರುವುದು ಕಡಿಮೆಯಾಗುತ್ತದೆ. ಬಾಕಿ ಕಾಲಂ ನೋಡಿ. ಬಾಕಿ ಎಷ್ಟು ದಿನದಿಂದ ಇದೆ, ಯಾಕೆ ಅಂತ ಕೇಳಿ. ಬಾಕಿ ನೋಡುವುದನ್ನು ಬ್ಯಾಂಕಿನವರಿಗೆ ನಾನು ಹೇಳಿಕೊಡಬೇಕಾ? ನಿಮಗೂ ಇಲ್ಲಿ ಕೆಲಸ ಇದೆ ಸರ್. ವಾರಕ್ಕೆ ಎರಡು ಗಂಟೆ ಆ ಬೀದಿಯ ಅಂಗನವಾಡಿ ಜಗುಲಿಯಲ್ಲಿ ಕೂತು, ಪಾಸ್‌ಬುಕ್ ತಂದವರಿಗೆ ಓದಿ ಹೇಳಿ. ಅಜ್ಜಿಯಂಥವರು ಮೊದಲ ತಿಂಗಳಲ್ಲೇ ನಾಲ್ಕು ಜನ ಸಿಗದಿದ್ದರೆ ನನಗೆ ಬರೆಯಿರಿ.

ಹಾಗೇ, ಹೋದ ವರ್ಷ ಕಂಬಳಿ ಹಂಚಿದ ಪಟ್ಟಿ ಸಂಘದ ಕಪಾಟಿನಲ್ಲಿ ಇದ್ದರೆ ಬಿಸಾಡಬೇಡಿ. ಕಾರ್ಯಕರ್ತೆಯ ಕೈಗೆ ಅದನ್ನು ಕೊಟ್ಟು, ಅದರಲ್ಲಿ ಹೆಸರು ಇಲ್ಲದ ಮನೆಗಳಿಗೆ ಮೊದಲು ಹೋಗಲು ಹೇಳಿ.